ಎಡಗಡೆಯ ನಟ್ಟು ಎತ್ತ ತಿರುಗಿಸಿದರೆ ಬಿಚ್ಚುತ್ತದೆ?

ಪ್ರಶ್ನೆ: ನಮ್ಮದು ಚಿತ್ರದುರ್ಗ ಜಿಲ್ಲೆ, ಹೊಳಲ್ಕೆರೆ ತಾಲ್ಲೂಕು. ಅಪ್ಪಾಜಿ ಕಾಲದ 1972ರ ಮಹೀಂದ್ರ ಸಿಜೆ-3ಬಿ ಜೀಪು ಹತ್ತು ವರ್ಷ ಕೊಟ್ಟಿಗೆ ಮಗ್ಗುಲಲ್ಲಿ ಸುಮ್ಮನೆ ನಿಂತಿತ್ತು. ಹೋದ ವರ್ಷ ಇಂಜಿನ್ ಬಿಚ್ಚಿಸಿ, ಬಣ್ಣ ಹೊಡೆಸಿ ಓಡುವಂತೆ ಮಾಡಿದೆ. ರಿಮ್ಮುಗಳಿಗೂ ಚೆನ್ನಾಗಿ ದಪ್ಪಗೆ ಬಣ್ಣ ಹಾಕಿಸಿದ್ದೆ. ಎರಡು ತಿಂಗಳ ಮೇಲೆ ಭೀಮಸಮುದ್ರದಲ್ಲಿ ಅಡಿಕೆ ಹಾಕಿ ವಾಪಸ್ ಬರುವಾಗ ಮುಂದಿನ ಎಡ ಗಾಲಿಯಿಂದ ಕಟಕಟ ಸದ್ದು. ಇಳಿದು ನೋಡಿದರೆ ಐದು ನಟ್ಟಿನಲ್ಲಿ ಒಂದು, ಬೋಲ್ಟಿನ ತುಂಡಿನ ಸಮೇತ ಮಾಯ. ನಿಧಾನಕ್ಕೆ ಒಂದು ಟೈರ್ ಅಂಗಡಿ ತನಕ ತಂದೆ. ಅಲ್ಲಿನ ಹುಡುಗ ಏರ್ ಗನ್ ಇಟ್ಟು ಬಿಚ್ಚಲು ಹೋದ, ಪಕ್ಕದ ಬೋಲ್ಟೂ ‘ಟಪ್’ ಅಂತ ಮುರಿಯಿತು. ಈಗ ಉಳಿದಿರುವುದು ಮೂರು. ಹಬ್ಬಿಗೆ (ಗಾಲಿಯನ್ನು ಕೂರಿಸಿ ಬೋಲ್ಟು ಹಾಕುವ ನಡುಭಾಗ) ಹೊಸ ಬೋಲ್ಟು ಇಟ್ಟು ವೆಲ್ಡ್ ಹೊಡೆಸಿ ಅಂತ ಒಬ್ಬರು, ಲೇತಿನಲ್ಲಿ ಮಾಡಿಸಿ ಅಂತ ಇನ್ನೊಬ್ಬರು. ಉಲ್ಟಾ ಥ್ರೆಡ್ಡೇ (ಮಾಮೂಲಿಗೆ ವಿರುದ್ಧ ದಿಕ್ಕಿಗೆ ತಿರುಗಿಸಿ ಬಿಗಿಯುವ ಮರೆ) ಬೇಡ, ಎಲ್ಲಾ ನೇರ ಥ್ರೆಡ್ ಹಾಕಿಸಿಬಿಡಿ ಅಂತ ಮತ್ತೊಬ್ಬರು. ಹಾಗೆ ಮಾಡಿದರೆ ಓಡುವಾಗಲೇ ಗಾಲಿ ಕಳಚಿಕೊಳ್ಳುತ್ತದೆ ಅನ್ನುತ್ತಾರೆ ನಮ್ಮ ದೊಡ್ಡಪ್ಪ. ಯಾರ ಮಾತು ಕೇಳಲಿ? ಅಲ್ಲಿಯವರೆಗೆ ಮೂರು ನಟ್ಟಿನಲ್ಲೇ ಊರೊಳಗೆ ಓಡಿಸಬಹುದೇ? ಮುರಿದ ಬೋಲ್ಟುಗಳ ಫೋಟೊ ಕಳಿಸಿದ್ದೇನೆ.

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬೇಡ. ಊರೊಳಗೂ ಬೇಡ, ತೋಟಕ್ಕೂ ಬೇಡ. ಮುರಿದಿರುವ ಎರಡೂ ಅಕ್ಕಪಕ್ಕದವು, ಹಾಗಾಗಿ ಗಾಲಿಯ ಒಂದು ಮಗ್ಗುಲಿಗೆ ಹಿಡಿತವೇ ಇಲ್ಲ. ಜಾಕ್ ಹಾಕಿ, ಆಕ್ಸಲ್ ಕೆಳಗೆ ಗಟ್ಟಿ ದಿಮ್ಮಿ ಕೊಟ್ಟು ನಿಲ್ಲಿಸಿ. ಗ್ಯಾರೇಜಿಗೆ ಒಯ್ಯಬೇಕಾದರೆ ಯಾವುದಾದರೂ ಗಾಡಿಯ ಮೇಲೆ ಹೇರಿಕೊಂಡು ಹೋಗಿ. ಎಷ್ಟೇ ನಿಧಾನಕ್ಕೆ ಓಡಿಸಿದರೂ ತಿರುವಿನಲ್ಲಿ ಸ್ಟೇರಿಂಗ್ ಎಳೆದಾಗ ಬೀಳುವ ಭಾರ ಬಿದ್ದೇ ಬೀಳುತ್ತದೆ.

ಇನ್ನು ಟೈರ್ ಅಂಗಡಿಯ ಹುಡುಗನನ್ನು ಬೈಯುವ ಮೊದಲು ನನ್ನದೊಂದು ಕತೆ ಕೇಳಿ. ನಾನು ಕೆಲಸ ಕಲಿತದ್ದು ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಲಾರಿ ಗ್ಯಾರೇಜಿನಲ್ಲಿ. ಆಗ ನನಗೆ ಹದಿನೇಳು. ಒಂದು ಹಳೇ ಲಾರಿಯ ಎಡ ಗಾಲಿಯ ನಟ್ಟು ಬಿಚ್ಚಲು ಹೇಳಿದರು. ವೀಲ್ ಪಾನಕ್ಕೆ ಪೈಪು ಸಿಕ್ಕಿಸಿ ತುದಿಯ ಮೇಲೆ ಹತ್ತಿ ನಿಂತೆ. ಅಲುಗಲಿಲ್ಲ. ಕುಣಿದೆ. ಬೋಲ್ಟು ಮುರಿದು, ಪಾನದ ಜೊತೆ ನಾನೂ ನೆಲಕ್ಕೆ ಬಿದ್ದೆ. ಮೇಸ್ತ್ರಿ ಬಂದು ಎತ್ತಿ ನಿಲ್ಲಿಸಿ ಕೇಳಿದ್ದು ಒಂದೇ ಮಾತು: ‘ಸೈಕಲ್ಲಿನ ಎಡ ಪೆಡಲ್ ಯಾವತ್ತಾದರೂ ಬಿಚ್ಚಿದ್ದೀಯೇನೋ?’ ಬಿಚ್ಚಿರಲಿಲ್ಲ, ಅದರ ಥ್ರೆಡ್ಡೂ ಆ ನಟ್ಟಿನ ಹಾಗೇ ಉಲ್ಟಾ ಅಂತ ಗೊತ್ತೂ ಇರಲಿಲ್ಲ. ಆ ವಾರದ ಕೂಲಿಯಲ್ಲಿ ಬೋಲ್ಟಿನ ದುಡ್ಡು ಮುರಿದುಕೊಂಡರು.

ನಿಮ್ಮ ಜೀಪಿನ ಮೂಲ ವಿನ್ಯಾಸ ಅಮೆರಿಕದ ವಿಲ್ಲಿಸ್ ಕಂಪನಿಯದು. ಆ ಕಾಲದ ವಿಲ್ಲಿಸ್ ಜೀಪುಗಳಲ್ಲಿ ಬಲಗಡೆ ಗಾಲಿಗಳಿಗೆ ಮಾಮೂಲಿ ಥ್ರೆಡ್, ಎಡಗಡೆಗೆ ಉಲ್ಟಾ ಥ್ರೆಡ್. ಇದನ್ನು ನೆನಪಿಟ್ಟುಕೊಳ್ಳಲು ಮೇಸ್ತ್ರಿ ಹೇಳಿಕೊಟ್ಟ ಉಪಾಯವನ್ನೇ ನಿಮಗೂ ಹೇಳುತ್ತೇನೆ. ಗಾಡಿ ಮುಂದಕ್ಕೆ ಹೋಗುವಾಗ ಗಾಲಿ ಯಾವ ಕಡೆ ಉರುಳುತ್ತದೋ ಆ ಕಡೆ ತಿರುಗಿಸಿದರೆ ನಟ್ಟು ಬಿಗಿ, ಹಿಂದಕ್ಕೆ ಉರುಳುವ ಕಡೆ ತಿರುಗಿಸಿದರೆ ಸಡಿಲ. ಎಡಕ್ಕೂ ಬಲಕ್ಕೂ ಇದೇ ಲೆಕ್ಕ. ಹುಡುಗ ಗನ್ನನ್ನು ದಿನಾ ಬಿಚ್ಚುವ ಕಡೆಗೇ ಇಟ್ಟ. ಅದು ನಿಮ್ಮ ನಟ್ಟಿಗೆ ಬಿಗಿಯುವ ಕಡೆ. ಮೊದಲೇ ಬಿಗಿಯಿದ್ದದ್ದನ್ನು ಗನ್ನು ಇನ್ನೂ ಬಿಗಿಯಿತು, ಬೋಲ್ಟು ತಿರುಚಿಕೊಂಡು ಹರಿಯಿತು.

ಆದರೆ ಇದು ಎರಡನೇ ಬೋಲ್ಟಿನ ಕತೆ ಮಾತ್ರ. ನಿಮ್ಮ ಫೋಟೊಗಳನ್ನು ದೊಡ್ಡದು ಮಾಡಿ ಮತ್ತೆ ಮತ್ತೆ ನೋಡಿದೆ. ಅಂಗಡಿಯಲ್ಲಿ ಮುರಿದದ್ದರ ಮುಖ ಪೂರ್ತಿ ಹೊಸದಾಗಿ ಹೊಳೆಯುತ್ತಿದೆ, ಕಬ್ಬಿನ ಜಲ್ಲೆ ತಿರುಚಿ ಮುರಿದಾಗ ಕಾಣುವಂಥ ಸುಳಿ ಇದೆ. ಅದು ಗನ್ನಿನ ಕೆಲಸ. ಹಬ್ಬಿನಲ್ಲೇ ಉಳಿದಿರುವ ಮೊದಲನೆಯದರ ಮುಖ ಹಾಗಿಲ್ಲ. ಮುಕ್ಕಾಲು ಭಾಗ ಕಂದು ತಿರುಗಿದೆ, ಅದರ ಮೇಲೆ ಕೆರೆಯ ನೀರು ಇಳಿದಂತೆಲ್ಲ ದಡದ ಕೆಸರಿನಲ್ಲಿ ಉಳಿಯುವ ಗೆರೆಗಳ ಹಾಗೆ ಒಂದರ ಪಕ್ಕ ಒಂದು ಬಾಗಿದ ಗೆರೆ. ಒಂದು ಮೂಲೆ ಮಾತ್ರ ಬೆಳ್ಳಗಿದೆ. ಅಂದರೆ ಬಿರುಕು ಮೊದಲೇ ಶುರುವಾಗಿ, ದಿನಕ್ಕಿಷ್ಟು ಬೆಳೆದು, ಕೊನೆಗೆ ಉಳಿದಿದ್ದ ಚೂರು ಅವತ್ತು ರಸ್ತೆಯಲ್ಲಿ ಕೈಬಿಟ್ಟಿದೆ. ಟೈರ್ ಅಂಗಡಿಗೆ ಬರುವ ಮೊದಲೇ ನಿಮ್ಮ ಗಾಲಿ ಸಡಿಲವಾಗಿತ್ತು.

ಯಾಕೆ ಸಡಿಲವಾಯಿತು? ಗಾಲಿಯ ಭಾರವನ್ನು ಬೋಲ್ಟುಗಳು ಗೂಟದ ಹಾಗೆ ಹೊರುತ್ತವೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನಟ್ಟು ಬಿಗಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ, ಹಿಗ್ಗಿದ್ದು ಸ್ಪ್ರಿಂಗಿನ ಹಾಗೆ ವಾಪಸ್ ಎಳೆಯುತ್ತದೆ, ಆ ಎಳೆತ ರಿಮ್ಮನ್ನು ಹಬ್ಬಿಗೆ ಅದುಮಿ ಹಿಡಿಯುತ್ತದೆ. ಅರ್ಧ ಇಂಚಿನ ಬೋಲ್ಟಿಗೆ 65ರಿಂದ 80 ಅಡಿ-ಪೌಂಡ್ (ತಿರುಗಿಸುವ ಬಲದ, ಅಂದರೆ ಟಾರ್ಕಿನ ಅಳತೆ) ಬಿಗಿ ಕೊಟ್ಟರೆ ಒಂದೊಂದು ನಟ್ಟೂ ಸುಮಾರು ಮೂರೂವರೆಯಿಂದ ನಾಲ್ಕು ಟನ್ನಿನಷ್ಟು ಅದುಮುತ್ತದೆ. ಐದು ಸೇರಿ ಹದಿನೆಂಟು ಇಪ್ಪತ್ತು ಟನ್ನು. ಇಡೀ ಜೀಪಿನ ತೂಕ ಅದರ ಹತ್ತಿರಕ್ಕೂ ಬರುವುದಿಲ್ಲ. ಗಾಲಿ ನಿಂತಿರುವುದು ಈ ಅದುಮಿನಿಂದ ಹುಟ್ಟುವ ಉಜ್ಜಾಟದ ಬಲದ ಮೇಲೆ. ಅದುಮು ಕಡಿಮೆಯಾದ ಗಳಿಗೆಯಿಂದ ರಿಮ್ಮು ಪ್ರತಿ ಸುತ್ತಿಗೂ ಚೂರು ಅಲುಗುತ್ತದೆ, ಬೋಲ್ಟನ್ನು ಆ ಕಡೆ ಈ ಕಡೆ ಬಗ್ಗಿಸುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಮುರಿಯುವುದಿಲ್ಲವೇ, ಹಾಗೆ.

ನಿಮ್ಮ ಜೀಪಿನಲ್ಲಿ ಅದುಮು ಕಡಿಮೆಯಾದದ್ದು ಬಣ್ಣದಿಂದ ಅಂತ ನನ್ನ ಗುಮಾನಿ. ರಿಮ್ಮಿನ ಹಿಂಬದಿ ಹಬ್ಬಿಗೆ ಕೂರುವ ಜಾಗ, ನಟ್ಟಿನ ಚೂಪು ಮೂತಿ ಕೂರುವ ತಟ್ಟೆಯಾಕಾರದ ತೂತು, ಈ ಎರಡು ಕಡೆ ದಪ್ಪ ಬಣ್ಣ ಇರಲೇಬಾರದು. ಬಿಗಿಯುವಾಗ ಗಟ್ಟಿಯಾಗಿಯೇ ಸಿಗುತ್ತದೆ. ಆಮೇಲೆ ಬ್ರೇಕಿನ ಬಿಸಿಗೆ, ಗಾಡಿಯ ಅದುರಿಗೆ ಬಣ್ಣ ಹಿಂಡಿಕೊಂಡು ತೆಳ್ಳಗಾಗುತ್ತದೆ. ಬೋಲ್ಟು ಹಿಗ್ಗಿರುವುದೇ ಕೂದಲೆಳೆಯಷ್ಟು, ಅಷ್ಟೇ ದಪ್ಪದ ಬಣ್ಣ ಕರಗಿದರೆ ಬಿಗಿ ಎಲ್ಲಿ ಉಳಿಯಿತು? ಹೊಸದಾಗಿ ಸಿಂಗಾರ ಮಾಡಿಸಿಕೊಂಡ ಹಳೇ ಗಾಡಿಗಳು ಮೊದಲ ಒಂದೆರಡು ತಿಂಗಳಲ್ಲಿ ನಟ್ಟು ಸಡಿಲ ಮಾಡಿಕೊಂಡು ನನ್ನ ಹತ್ತಿರ ಬರುವುದು ಮಾಮೂಲು. ಬಣ್ಣ ಹಾಕಿಸಿದ ಮೇಲೆ 50–100 ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿ ನೋಡಿದ್ದೀರಾ? ಪತ್ರದಲ್ಲಿ ಆ ಮಾತಿಲ್ಲ.

ಹಾಗಂತ ಪೈಪು ಹಾಕಿ ಬಿಗಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. 70 ಕಿಲೋ ತೂಕದ ಮನುಷ್ಯ ಎರಡಡಿ ಪೈಪಿನ ತುದಿಯಲ್ಲಿ ನಿಂತರೆ ಬೀಳುವ ಬಿಗಿ ಸುಮಾರು 300 ಅಡಿ-ಪೌಂಡ್, ಬೇಕಾದ್ದರ ನಾಲ್ಕು ಪಟ್ಟು. ಅಷ್ಟಕ್ಕೆ ಬೋಲ್ಟು ಮುರಿಯದಿದ್ದರೆ ಅದೇ ಹೆಚ್ಚು. ಮುರಿಯದೆ ಎಳೆದುಕೊಂಡು ಉದ್ದವಾದರಂತೂ ಇನ್ನೂ ಅಪಾಯ, ಅದರ ಸ್ಪ್ರಿಂಗ್ ಗುಣವೇ ಹೋಗಿರುತ್ತದೆ, ನೋಡಲು ಮಾತ್ರ ಚೆನ್ನಾಗಿರುತ್ತದೆ. ಥ್ರೆಡ್ಡಿಗೆ ಎಣ್ಣೆ, ಗ್ರೀಸು ಸವರುವ ಅಭ್ಯಾಸವೂ ಹೀಗೇ. ಎಣ್ಣೆ ಇದ್ದಾಗ ಅದೇ ಟಾರ್ಕಿಗೆ ಬೋಲ್ಟಿನ ಮೇಲೆ ಬೀಳುವ ಎಳೆತ ಮೂರನೇ ಒಂದು ಭಾಗದಷ್ಟು ಜಾಸ್ತಿಯಾಗಬಹುದು. ಥ್ರೆಡ್ಡನ್ನು ವೈರ್ ಬ್ರಷ್ಷಿನಲ್ಲಿ ಉಜ್ಜಿ ಒಣಗಿದ್ದಾಗಲೇ ಹಾಕಿ. ನಟ್ಟು ಕೂರುವ ತಟ್ಟೆಗಂತೂ ಎಣ್ಣೆ ಸೋಕಿಸಲೇಬೇಡಿ.

ಈಗ ನಿಮಗೆ ಬಂದ ಸಲಹೆಗಳು.

ವೆಲ್ಡಿಂಗ್ ಬೇಡವೇ ಬೇಡ. ವೀಲ್ ಬೋಲ್ಟು ಕಾಯಿಸಿ ಹದ ಕೊಟ್ಟ ಉಕ್ಕು. ವೆಲ್ಡಿನ ಬಿಸಿಗೆ ಆ ಹದ ಹೋಗುತ್ತದೆ, ವೆಲ್ಡಿನ ಪಕ್ಕದಲ್ಲೇ ಒಂದು ಕಡೆ ಗಾಜಿನ ಹಾಗೆ ಪೆಡಸು, ಇನ್ನೊಂದು ಕಡೆ ಮೆತ್ತಗೆ. ಹಬ್ಬಿನ ಮುಖವೂ ಸೊಟ್ಟಗಾಗಬಹುದು. ನೇಗಿಲಿಗೆ, ಟ್ರೇಲರ್ ಬಾಗಿಲಿಗೆ ವೆಲ್ಡ್ ಹೊಡೆದು ಕೆಲಸ ಸಾಗಿಸಿದ ಧೈರ್ಯ ಮುಂದಿನ ಗಾಲಿಯ ಹತ್ತಿರ ತೋರಿಸಬಾರದು.

ಲೇತಿನ ವಿಷಯದಲ್ಲಿ ಹೂಂ ಅನ್ನುವುದಕ್ಕೂ ಉಹೂಂ ಅನ್ನುವುದಕ್ಕೂ ಕಾರಣ ಇದೆ. ದಾವಣಗೆರೆಯಲ್ಲಿ ಕೈಗುಣ ಇರುವ ಲೇತಿನವರಿಗೆ ಕೊರತೆಯಿಲ್ಲ, ನನಗೆ ಎಷ್ಟೋ ಬುಷ್ಷು, ಪಿನ್ನು ಮಾಡಿಕೊಟ್ಟಿದ್ದಾರೆ. ತೊಂದರೆ ಇರುವುದು ಕಬ್ಬಿಣದಲ್ಲಿ. ಮೂಲೆಯಲ್ಲಿ ಬಿದ್ದ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಮೆತ್ತನೆಯ ಸಾದಾ ಉಕ್ಕು) ರಾಡಿನ ತುಂಡಿನಲ್ಲಿ ಮಾಡಿಸಿದರೆ ಅದರ ಎಳೆತದ ತಾಕತ್ತು ಸುಮಾರು 400 ಮೆಗಾಪ್ಯಾಸ್ಕಲ್. ಬೋಲ್ಟಿನ ತಲೆಯ ಮೇಲೆ 8.8 ಅಂತ ಇದ್ದರೆ 800, 10.9 ಅಂತ ಇದ್ದರೆ 1000. ಅರ್ಧ ತಾಕತ್ತಿನ ಬೋಲ್ಟಿಗೆ ಪೂರ್ತಿ ಬಿಗಿ ಕೊಟ್ಟರೆ ಹಿಗ್ಗುತ್ತದೆ, ಕಡಿಮೆ ಬಿಗಿ ಕೊಟ್ಟರೆ ಸಡಿಲವಾಗುತ್ತದೆ. ಇನ್ನೊಂದು ಮಾತು: ಕಾರ್ಖಾನೆಯ ಬೋಲ್ಟಿನಲ್ಲಿ ಥ್ರೆಡ್ಡನ್ನು ಕೊರೆಯುವುದಿಲ್ಲ, ಒತ್ತಿ ಉರುಳಿಸಿ ಮೂಡಿಸುತ್ತಾರೆ. ಲೇತಿನಲ್ಲಿ ಕೊರೆದ ಥ್ರೆಡ್ಡಿನ ತಳದಲ್ಲಿ ಸೂಕ್ಷ್ಮ ಗೀರು ಉಳಿಯುತ್ತದೆ, ನಾನು ಮೇಲೆ ಹೇಳಿದ ಬಿರುಕು ಹುಟ್ಟುವುದು ಅಂಥ ಗೀರಿನಲ್ಲೇ. ಬೇರೆ ದಾರಿಯೇ ಇಲ್ಲದಿದ್ದರೆ ಇ.ಎನ್. 24ರಂಥ ಗಟ್ಟಿ ಮಿಶ್ರಲೋಹದ ಉಕ್ಕು ತಂದು ಕೊಟ್ಟು, ಹದ ಕೊಡಿಸಿ ಮಾಡಿಸಬಹುದು. ಐದು ಬೋಲ್ಟಿಗೆ ಅಷ್ಟು ಓಡಾಡುವುದಕ್ಕಿಂತ ಹಳೇ ಜೀಪಿನ ಬಿಡಿಭಾಗ ಇಟ್ಟಿರುವವರಲ್ಲಿ ಹುಡುಕುವುದು ಸಲೀಸು.

ನಿಮ್ಮ ದೊಡ್ಡಪ್ಪನವರ ಮಾತು ಹಳೇ ಕಾಲದ ಇಂಜಿನಿಯರುಗಳ ಮಾತೇ. ಸಡಿಲಾದ ನಟ್ಟು ಗಾಲಿ ಉರುಳಿದಂತೆ ಚೂರು ಚೂರೇ ಹೊರಳಿ ಬಿಚ್ಚಿಕೊಳ್ಳದಿರಲಿ ಅಂತಲೇ ಎಡಗಡೆಗೆ ಉಲ್ಟಾ ಥ್ರೆಡ್ ಇಟ್ಟರು. ಆದರೆ ಚೂಪು ಮೂತಿಯ ನಟ್ಟು ತಟ್ಟೆಯಲ್ಲಿ ಸರಿಯಾಗಿ ಕೂತು, ಸರಿಯಾದ ಬಿಗಿಯೂ ಇದ್ದರೆ ಅದು ಯಾವ ಕಡೆಗೂ ಹೊರಳುವುದಿಲ್ಲ. ನಿಮ್ಮ ಊರಲ್ಲಿ ಓಡಾಡುವ ಇವತ್ತಿನ ಯಾವ ಕಾರನ್ನಾದರೂ ನೋಡಿ, ಎಡಗಡೆಗೂ ನೇರ ಥ್ರೆಡ್ಡೇ. ಅದಕ್ಕೇ ಗಾಲಿ ಕಳಚುವುದಾಗಿದ್ದರೆ ಹೆದ್ದಾರಿ ತುಂಬ ಗಾಲಿಗಳೇ ಉರುಳುತ್ತಿದ್ದವು. ನಿಮ್ಮದೇ ಜೀಪನ್ನು ನೋಡಿ, ಉಲ್ಟಾ ಥ್ರೆಡ್ ಇದ್ದ ಗಾಲಿಯೇ ಸಡಿಲವಾದದ್ದು.

ಹಾಗಾಗಿ ನೇರ ಥ್ರೆಡ್ಡಿಗೆ ಬದಲಾಯಿಸುವುದು ತಪ್ಪಲ್ಲ. ಮಾಡುವುದಾದರೆ ಎಡಗಡೆಯ ಎರಡೂ ಗಾಲಿಗೆ ಹತ್ತಕ್ಕೆ ಹತ್ತೂ ಒಂದೇ ಸಲ ಮಾಡಿ. ಮುಂದೆ ನೇರ, ಹಿಂದೆ ಉಲ್ಟಾ, ಅಥವಾ ಒಂದೇ ಹಬ್ಬಿನಲ್ಲಿ ಎರಡು ನೇರ ಮೂರು ಉಲ್ಟಾ ಆದರೆ ಮುಂದೆ ಪಂಚರ್ ಹಾಕುವವನು ನಿಮ್ಮ ಏಳು ತಲೆಮಾರನ್ನು ನೆನೆಯುತ್ತಾನೆ. ಹಿಂದಿನ ಹಬ್ಬಿನ ಕೆಲಸ ಸ್ವಲ್ಪ ಜಾಸ್ತಿ. ಅದು ಓರೆಯಾದ ಆಕ್ಸಲ್ ತುದಿಗೆ ಕೀ ಹಾಕಿ ಕೂರಿಸಿದ್ದು, ಗಟ್ಟಿ ಪುಲ್ಲರ್ ಇಲ್ಲದೆ ಬರುವುದಿಲ್ಲ. ಆಕ್ಸಲ್ ತುದಿಗೆ ಸುತ್ತಿಗೆ ಹೊಡೆಯಲು ಯಾರನ್ನೂ ಬಿಡಬೇಡಿ. ನಾನು ನಿಮ್ಮ ಜಾಗದಲ್ಲಿದ್ದರೆ? ಉಲ್ಟಾ ಥ್ರೆಡ್ಡಿನ ಬೋಲ್ಟು ಸಿಕ್ಕರೆ ಅದನ್ನೇ ಹಾಕುತ್ತಿದ್ದೆ. ಮುಂದಿನ ಒಂದು ಹಬ್ಬಿನಲ್ಲಿ ಕೆಲಸ ಮುಗಿಯುತ್ತದೆ, ಅಪ್ಪಾಜಿಯ ಜೀಪು ಅಪ್ಪಾಜಿ ಕೊಂಡಂತೆಯೇ ಉಳಿಯುತ್ತದೆ. ಸಿಗದಿದ್ದರೆ ಮಾತ್ರ ನೇರ.

ಯಾವುದೇ ಹಾಕಿ, ಆ ಹಬ್ಬಿನ ಐದನ್ನೂ ಬದಲಾಯಿಸಿ. ಉಳಿದ ಮೂರು ನೋಡಲು ಗಟ್ಟಿ ಕಾಣಬಹುದು. ಆದರೆ ಒಂದು ಮುರಿದ ದಿನದಿಂದ ಅದರ ಪಾಲಿನ ಭಾರವನ್ನೂ ಹೊತ್ತಿವೆ, ಒಳಗೆ ಬಿರುಕು ಬಿಟ್ಟಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ.

ಬೋಲ್ಟು ಕೊಳ್ಳುವಾಗ ಅಂಗಡಿಯವರ ಮಾತಿನ ಮೇಲೆ ಹೋಗಬೇಡಿ, ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಉಲ್ಟಾ ಥ್ರೆಡ್ಡಿನ ಅಸಲಿ ಬೋಲ್ಟಿನ ತಲೆಯ ಮೇಲೆ ಇಂಗ್ಲಿಷಿನ ‘ಎಲ್’ ಅಕ್ಷರ ಒತ್ತಿರುತ್ತದೆ. ನಟ್ಟಿನ ಆರು ಮೂಲೆಯ ಸುತ್ತ ಒಂದು ಗೀರು ಕೊರೆದಿರುತ್ತದೆ, ಇಲ್ಲವೇ ಮುಖದ ಮೇಲೆ ‘ಲೆಫ್ಟ್’ ಅಂತ ಇರುತ್ತದೆ. ದಪ್ಪ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್, ಇಂಚಿಗೆ 20 ಥ್ರೆಡ್. ಇಲ್ಲೊಂದು ಗುಂಡಿ ಇದೆ, ಅನುಭವಸ್ಥರೂ ಬೀಳುತ್ತಾರೆ. ಮಾರುತಿ ಕಾರುಗಳಲ್ಲಿ ಬರುವ 12 ಮಿ.ಮೀ. ಬೋಲ್ಟಿನ ಥ್ರೆಡ್ ಅಂತರ 1.25 ಮಿ.ಮೀ., ನಿಮ್ಮದರ ಅಂತರ 1.27. ಹತ್ತು ಥ್ರೆಡ್ಡಿಗೆ ಬರೀ 0.2 ಮಿ.ಮೀ. ವ್ಯತ್ಯಾಸ. ಹೀಗಾಗಿ ನೇರ ಥ್ರೆಡ್ಡಿನ ಅರ್ಧ ಇಂಚಿನ ನಟ್ಟು ಆ 12 ಮಿ.ಮೀ. ಬೋಲ್ಟಿನ ಮೇಲೆ ಬೆಣ್ಣೆಯ ಹಾಗೆ ಹತ್ತಿಬಿಡುತ್ತದೆ. ಬಿಗಿದಾಗ ಬಿಗಿಯೂ ಸಿಕ್ಕಂತೆ ಅನ್ನಿಸುತ್ತದೆ. ಆದರೆ ಥ್ರೆಡ್ಡಿನ ತುದಿಗಳು ಮಾತ್ರ ಒಂದನ್ನೊಂದು ಹಿಡಿದಿರುತ್ತವೆ, ಒಂದು ದಿನ ಎಲ್ಲವೂ ಒಟ್ಟಿಗೆ ಸವೆದು ನಟ್ಟು ಕಿತ್ತು ಬರುತ್ತದೆ. ನೇರ ಥ್ರೆಡ್ಡಿಗೆ ಬದಲಾಯಿಸುವವರು ‘ಇದು ಸಿಕ್ಕಿತು, ಕೂತಿತು’ ಅಂತ ಹಾಕುವುದು ಇದನ್ನೇ. ವರ್ನಿಯರ್ ಹಿಡಿದು ಅಳೆಯಿರಿ. ನಟ್ಟು ಸಲೀಸಾಗಿ ಹತ್ತಿತು ಅನ್ನುವುದು ಅಳತೆಯಲ್ಲ. ಬೋಲ್ಟಿನ ಕತ್ತಿನಲ್ಲಿರುವ ಹಲ್ಲು ಹಲ್ಲಾದ ಭಾಗವನ್ನೂ ಅಳೆಯಿರಿ. ಅದು ಹಬ್ಬಿನ ತೂತಿಗಿಂತ ಒಂದಿಷ್ಟೇ ದಪ್ಪ ಇರಬೇಕು. ಕೈಯಲ್ಲಿ ಒತ್ತಿದರೆ ಪೂರ್ತಿ ಒಳಗೆ ಹೋಗುವುದಾದರೆ ಅದು ನಿಮ್ಮದಲ್ಲ.

ಬಿಚ್ಚುವುದರಲ್ಲಿ ಒಂದು ವಿಷಯ ನಿಮ್ಮ ಮೆಕ್ಯಾನಿಕ್‌ಗೆ ಗೊತ್ತಿರಲೇಬೇಕು. ಈ ಜೀಪಿನಲ್ಲಿ ಬ್ರೇಕ್ ಡ್ರಮ್ಮನ್ನು ಹಬ್ಬಿಗೆ ಹಿಡಿದಿಟ್ಟಿರುವುದೂ ಇದೇ ಐದು ಬೋಲ್ಟು. ಕೂರಿಸುವಾಗ ಬೋಲ್ಟಿನ ಕತ್ತಿನ ಲೋಹವನ್ನು ಪಂಚಿನಿಂದ ಬಡಿದು ತೂತಿನ ಅಂಚಿಗೆ ಹರಡಿರುತ್ತಾರೆ, ರಿವೆಟ್ ಬಡಿದ ಹಾಗೆ. ಅದನ್ನು ತೆಗೆಯದೆ ಸುತ್ತಿಗೆಯಲ್ಲೋ ಪ್ರೆಸ್ಸಿನಲ್ಲೋ ಬೋಲ್ಟನ್ನು ತಳ್ಳಿದರೆ ಹರಡಿದ ಲೋಹ ತೂತನ್ನು ಹಿಗ್ಗಿಸಿಕೊಂಡು ಹೊರಬರುತ್ತದೆ. ಆಮೇಲೆ ಹೊಸ ಬೋಲ್ಟು ಆ ತೂತಿನಲ್ಲಿ ಗಿರಗಿರ ತಿರುಗುತ್ತದೆ, ಹಬ್ಬೇ ಹೋಯಿತು ಅಂತ ಲೆಕ್ಕ. ಬೋಲ್ಟನ್ನು ಹಬ್ಬಿನ ಮಟ್ಟಕ್ಕೆ ಕತ್ತರಿಸಿ, ನಡುವಿಗೆ ಪಂಚ್ ಗುರುತು ಹಾಕಿ, ಹರಡಿದ ಕಾಲರ್ ತೆಳ್ಳಗಾಗುವ ತನಕ ಡ್ರಿಲ್ ಮಾಡಿ, ಆಮೇಲೆ ಪ್ರೆಸ್ಸಿನಲ್ಲಿ ತಳ್ಳಬೇಕು. ತಾಳ್ಮೆಯ ಕೆಲಸ. ನಮ್ಮಲ್ಲಿ ಒಂದು ಹಬ್ಬಿಗೆ ಅರ್ಧ ದಿನ ಹಿಡಿಯುತ್ತದೆ. ‘ಹತ್ತು ನಿಮಿಷ ಸಾರ್, ಹೊಡೆದು ತೆಗೀತೀನಿ’ ಅನ್ನುವವರ ಕೈಗೆ ಹಬ್ಬು ಕೊಡಬೇಡಿ.

ಹೊಸದನ್ನು ಪ್ರೆಸ್ಸಿನಲ್ಲೇ ಒತ್ತಿ ಕೂರಿಸಿ. ನಾಲ್ಕು ವಾಷರ್ ಇಟ್ಟು ನಟ್ಟಿನಿಂದ ಎಳೆದು ಕೂರಿಸುವವರಿದ್ದಾರೆ. ಕೂರುತ್ತದೆ ನಿಜ, ಆದರೆ ಗಾಡಿಗೆ ಹಾಕುವ ಮೊದಲೇ ಬೋಲ್ಟು ಅರ್ಧ ಆಯಸ್ಸು ಸವೆಸಿರುತ್ತದೆ. ಕೂರಿಸಿದ ಮೇಲೆ ಬೋಲ್ಟಿನ ತಲೆಯನ್ನು ಗಟ್ಟಿ ಕಬ್ಬಿಣದ ಮೇಲಿಟ್ಟು ಕತ್ತನ್ನು ಮತ್ತೆ ಬಡಿದು ಹರಡಬೇಕು. ಡ್ರಮ್ಮಿಗೂ ಹಬ್ಬಿಗೂ ನಡುವೆ ತುಕ್ಕಿನ ಚಕ್ಕೆ ಸಿಕ್ಕಿಕೊಂಡಿದ್ದರೆ ಡ್ರಮ್ಮು ಓಲಾಡುತ್ತದೆ, ಬ್ರೇಕ್ ಒತ್ತಿದಾಗ ಪೆಡಲ್ ಕುಣಿಯುತ್ತದೆ. ವಿಲ್ಲಿಸ್ ಕೈಪಿಡಿಯ ಪ್ರಕಾರ ಡ್ರಮ್ಮಿನ ಮುಖದ ಓಲಾಟ 0.030 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರ್ ದಾಟಬಾರದು. ಹೇಗೂ ಹಬ್ಬು ಕೈಗೆ ಬಂದಿರುತ್ತದೆ, ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಿ. ವಾಪಸ್ ಹಾಕುವಾಗ ಬೇರಿಂಗ್ ನಟ್ಟನ್ನು ಗಾಲಿ ಹಿಡಿಯುವ ತನಕ ಬಿಗಿದು, ಆರನೇ ಒಂದು ಸುತ್ತಿನಷ್ಟು ಹಿಂದಕ್ಕೆ ಬಿಟ್ಟು ಲಾಕ್ ಮಾಡುವುದು. ಹಳೇ ಬ್ರೇಕ್ ಲೈನಿಂಗಿನ ಪುಡಿಯನ್ನು ಏರ್ ಹಿಡಿದು ಊದಿಸಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಇಷ್ಟೆಲ್ಲ ಮಾಡುವ ಮೊದಲು ರಿಮ್ಮನ್ನು ಬಿಸಿಲಿಗೆ ಹಿಡಿದು ನೋಡಿ. ಸಡಿಲ ನಟ್ಟಿನಲ್ಲಿ ಓಡಿದ ರಿಮ್ಮಿನ ತೂತುಗಳು ಮೊಟ್ಟೆಯಾಕಾರಕ್ಕೆ ತಿರುಗಿರುತ್ತವೆ. ಒಂದು ತೂತಿನಿಂದ ಇನ್ನೊಂದಕ್ಕೆ ಕೂದಲಿನಂಥ ಬಿರುಕು ಹರಿದಿರುವುದೂ ಉಂಟು. ಎರಡರಲ್ಲಿ ಯಾವುದು ಕಂಡರೂ ರಿಮ್ಮು ಗುಜರಿಗೆ. ಕೆಟ್ಟ ರಿಮ್ಮಿಗೆ ಹೊಸ ಬೋಲ್ಟು ಹಾಕಿದರೆ ಆರು ತಿಂಗಳಿಗೆ ಮತ್ತೆ ಇದೇ ಫೋಟೊ ಕಳಿಸುತ್ತೀರಿ. ಚೆನ್ನಾಗಿದ್ದರೆ ಹಿಂಬದಿಯ ಮುಖ, ಐದು ತಟ್ಟೆ ಇಷ್ಟರಿಂದ ಮಾತ್ರ ಬಣ್ಣ ಉಜ್ಜಿ ತೆಗೆದು ಲೋಹಕ್ಕೆ ಲೋಹ ಕೂರುವಂತೆ ಮಾಡಿ. ಬೋಲ್ಟು ಮುರಿಯದಿದ್ದರೂ ಉಳಿದ ಮೂರು ಗಾಲಿಗೂ ಇದನ್ನು ಮಾಡಿಸಿ. ಬಣ್ಣ ಹಾಕಿದವರು ಒಬ್ಬರೇ ತಾನೇ.

ಬಿಗಿಯುವಾಗ ನಟ್ಟನ್ನು ಮೊದಲು ಬೆರಳಿನಲ್ಲೇ ತಿರುಗಿಸಿ, ಸುತ್ತು ಎಣಿಸಿ. ತಟ್ಟೆ ಮುಟ್ಟುವುದರೊಳಗೆ ಹತ್ತು ಪೂರ್ತಿ ಸುತ್ತು ಹೋಗಬೇಕು. ಆರೇ ಸುತ್ತಿಗೆ ನಿಂತರೆ ಬೋಲ್ಟು ಗಿಡ್ಡ ಅಂತ ಅರ್ಥ. ಆಮೇಲೆ ಗಾಲಿ ನೆಲ ಬಿಟ್ಟಿರುವಾಗಲೇ ಒಂದು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ ಅರ್ಧ ಬಿಗಿ, ನೆಲಕ್ಕಿಳಿಸಿ ಟಾರ್ಕ್ ರೆಂಚಿನಲ್ಲಿ ಪೂರ್ತಿ. ಉಲ್ಟಾ ಥ್ರೆಡ್ಡಿಗೆ ಎರಡೂ ಕಡೆ ಅಳೆಯುವ ಟಾರ್ಕ್ ರೆಂಚೇ ಬೇಕು. ಸುಮಾರು ರೆಂಚುಗಳು ಒಂದೇ ಕಡೆಗೆ ‘ಟಕ್’ ಅನ್ನುತ್ತವೆ, ಇನ್ನೊಂದು ಕಡೆಗೆ ಎಷ್ಟು ಎಳೆದರೂ ಸುಮ್ಮನಿರುತ್ತವೆ. ‘ಟಕ್’ ಅನ್ನಲಿ ಅಂತ ಕಾಯುತ್ತಾ ಎಳೆದು ಮತ್ತೊಂದು ಬೋಲ್ಟು ಮುರಿದವರನ್ನು ಕಂಡಿದ್ದೇನೆ. ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಒಂದು ಸಲ ಹೋಗಿ ಬಂದು ಮತ್ತೊಮ್ಮೆ ಬಿಗಿ ನೋಡಿ. ವಾರ ಬಿಟ್ಟು ಇನ್ನೊಮ್ಮೆ.

ಉಲ್ಟಾ ಥ್ರೆಡ್ಡನ್ನೇ ಉಳಿಸಿಕೊಳ್ಳುವುದಾದರೆ ಎಡಗಡೆಯ ಎರಡು ಮಡ್‌ಗಾರ್ಡಿನ ಒಳ ಅಂಚಿಗೆ ಹಳದಿ ಬಣ್ಣದಲ್ಲಿ ಗಾಲಿ ಹಿಂದಕ್ಕೆ ಉರುಳುವ ಕಡೆಗೆ ಒಂದು ಬಾಣ ಬರೆಸಿ, ಪಕ್ಕದಲ್ಲಿ ‘ಬಿಚ್ಚಲು ಹೀಗೆ’ ಅಂತ ಹಾಕಿಸಿ. ನನ್ನ ಹತ್ತಿರ ಬರುವ ಜೀಪುಗಳಿಗೆಲ್ಲ ನಾನೇ ಬರೆದು ಕಳಿಸುತ್ತೇನೆ. ಗನ್ ಹಿಡಿದ ಹುಡುಗ ಗಾಲಿ ಮುಂದೆ ಕೂತಾಗ ಅವನ ಕಣ್ಣಿಗೆ ನೇರ ಬೀಳುವ ಜಾಗ ಅದೊಂದೇ.